2019ರಲ್ಲಿ ಕೊಂಡ ಸಬ್‌ಮರೀನ್ ಪ್ಲಾನ್: ಗೆರೆಗಳಿವೆ, ಲೆಕ್ಕ ಇಲ್ಲ

5ಕ್ಕೆ ಒಂದೂವರೆ ಸ್ಟಾರ್ ಕೊಡುತ್ತಿದ್ದೇನೆ. ಒಂದು ಸ್ಟಾರ್ ಬ್ಯಾಲಾಸ್ಟ್ ಟ್ಯಾಂಕ್‌ನ (ಮುಳುಗೋಕೆ ನೀರು, ತೇಲೋಕೆ ಗಾಳಿ ತುಂಬುವ ಟ್ಯಾಂಕ್) ಹಾಳೆಗೆ, ಅದು ನಿಜಕ್ಕೂ ಚೆನ್ನಾಗಿದೆ. ಉಳಿದ ಅರ್ಧ, ನಕ್ಷೆ ಬರೆದವರ ಅಂದವಾದ ಕೈಬರಹಕ್ಕೆ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಮನೆಯಲ್ಲೇ ಕಟ್ಟಿಕೊಳ್ಳಬಹುದಾದ, ಒಬ್ಬರೇ ಕೂರುವ ಸಬ್‌ಮರೀನ್‌ನ ನಕ್ಷೆಗಳು. 36 ಇಂಚು ವ್ಯಾಸದ ಉಕ್ಕಿನ ಸಿಲಿಂಡರ್, ಮೇಲೆ ಚಿಕ್ಕ ಗೋಪುರ, ಎರಡು ಕಡೆ ಎಲೆಕ್ಟ್ರಿಕ್ ಮೋಟರ್, 200 ಅಡಿ ಆಳ. ಒಳಗೆ ಯಾವಾಗಲೂ ಮೇಲಿನ ಗಾಳಿಯ ಒತ್ತಡವೇ ಇರುತ್ತದೆ, ಹಾಗಾಗಿ ಸ್ಕೂಬಾದವರ ಹಾಗೆ ನಿಧಾನವಾಗಿ ಮೇಲೆ ಬರುವ ತಾಪತ್ರಯ ಇಲ್ಲ. ಆದರೆ ನೀರಿನ ಭಾರವನ್ನೆಲ್ಲ ಆ ಉಕ್ಕೇ ಹೊರಬೇಕು. ಈ ಹವ್ಯಾಸ ಅಮೆರಿಕದಲ್ಲಿ ಹೊಸದೇನಲ್ಲ. ಮೇಯ್ನ್ ರಾಜ್ಯದಲ್ಲಿದ್ದ ನಿವೃತ್ತ ನೌಕಾಪಡೆ ಅಧಿಕಾರಿ ಜಾರ್ಜ್ ಕಿಟ್ರೆಜ್ ಅವರ ಕೆ-250 ಮಾದರಿಯ ಹೆಸರು ಇದರಲ್ಲಿ ಆಸಕ್ತಿ ಇರುವವರಿಗೆಲ್ಲ ಗೊತ್ತು. ನಾನು ಕೊಂಡದ್ದು ಅದಲ್ಲ, ಬೇರೆಯವರದು. ಯಾರದು ಅಂತ ಬರೆಯಲ್ಲ.

ನಾನಿರುವುದು ಮಿಶಿಗನ್‌ನಲ್ಲಿ. ಸುತ್ತಮುತ್ತ ಕೆರೆಗಳಿಗೇನು ಕಮ್ಮಿ ಇಲ್ಲ, ಗ್ಯಾರೇಜ್ ಇದೆ, ವೆಲ್ಡಿಂಗ್ ಗೊತ್ತಿರುವ ಸ್ನೇಹಿತ ಇದ್ದಾನೆ. ಇಷ್ಟಿದ್ದರೆ ಸಾಕು, ಉಳಿದದ್ದೆಲ್ಲ ನಮ್ಮ ಪ್ಲಾನ್‌ನಲ್ಲಿದೆ ಅಂತ ಜಾಹೀರಾತು ಹೇಳಿತ್ತು. ದುಡ್ಡು ಕಟ್ಟಿದ ಮೇಲೆ ಬಂದದ್ದು ಒಂದು ಪಿಡಿಎಫ್. ಹಳೆಯ ಹಾಳೆಗಳನ್ನು ಸ್ಕ್ಯಾನ್ ಮಾಡಿದ್ದಾರೆ, ಅದೂ ಸೊಟ್ಟಗೆ.

ಸೊಟ್ಟಗಿದ್ದರೆ ಇರಲಿ. ಅಂಕಿ ಓದೋಕೆ ಬರಬೇಕಲ್ವಾ? ಸಿಲಿಂಡರ್ ಪ್ಲೇಟಿನ ದಪ್ಪ ಬರೆದಿರುವ ಜಾಗದಲ್ಲಿ 3/16 ಇಂಚು ಅಂತಿದೆಯೋ 5/16 ಅಂತಿದೆಯೋ ಎಷ್ಟು ದೊಡ್ಡದು ಮಾಡಿ ನೋಡಿದರೂ ಗೊತ್ತಾಗಲ್ಲ. ಮೊದಲನೆಯದು 5 ಮಿ.ಮೀ.ಗಿಂತ ಕಮ್ಮಿ, ಎರಡನೆಯದು ಹತ್ತಿರ ಹತ್ತಿರ 8. ಮೂರು ಮಿಲಿಮೀಟರ್ ತಾನೆ ಅನ್ನಿಸಬಹುದು. ಆದರೆ ಹೊರಗಿನ ಒತ್ತಡಕ್ಕೆ ಸಿಲಿಂಡರ್ ಮುದುಡುವ ಲೆಕ್ಕವೇ ಬೇರೆ. ಅಮೆರಿಕ ನೌಕಾಪಡೆಯ ಸಂಶೋಧಕರಾದ ವಿಂಡನ್‌ಬರ್ಗ್ ಮತ್ತು ಟ್ರಿಲ್ಲಿಂಗ್ 1934ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ. ಅದರ ಪ್ರಕಾರ ತಡೆಯುವ ಶಕ್ತಿ ದಪ್ಪದ ಎರಡೂವರೆ ಘಾತದ ಹಾಗೆ ಏರುತ್ತದೆ, ಅಂದರೆ ಈ ಎರಡು ಅಂಕಿಗಳ ನಡುವೆ ಇರುವುದು ಮೂರೂವರೆ ಪಟ್ಟು ವ್ಯತ್ಯಾಸ. ಇಮೇಲ್ ಮಾಡಿ ಕೇಳಿದೆ. "ತುಂಬಾ ಜನ ಕಟ್ಟಿದ್ದಾರೆ, ಯಾರಿಗೂ ತೊಂದರೆ ಆಗಿಲ್ಲ" ಅಂತ ಉತ್ತರ ಬಂತು. ನಾನು ಕೇಳಿದ್ದು ಮೂರೋ ಐದೋ ಅಂತ.

ಆ "ತುಂಬಾ ಜನ" ಯಾರು ಅನ್ನೋದೂ ಸಿಗಲಿಲ್ಲ. ಅವರು ಹಾಕಿರುವ ಫೋಟೋಗಳಲ್ಲಿ ಹಳದಿ, ಕೆಂಪು, ಬಿಳಿ ಬಣ್ಣದ ಸಬ್‌ಮರೀನ್‌ಗಳಿವೆ. ಸರಿಯಾಗಿ ನೋಡಿ, ಮೂರರಲ್ಲೂ ಎಡಗಡೆ ರೆಕ್ಕೆಯ ಮೇಲೆ ಅದೇ ತಗ್ಗು ಇದೆ.

ಉಕ್ಕಿನ ವಿಚಾರಕ್ಕೆ ಬರೋಣ. ಪ್ಲಾನ್‌ನಲ್ಲಿ "ಮೈಲ್ಡ್ ಸ್ಟೀಲ್" ಅಂತಷ್ಟೇ ಇದೆ, ಯಾವ ಗ್ರೇಡ್ ಅಂತ ಇಲ್ಲ. ಒತ್ತಡದ ಪಾತ್ರೆ ಮಾಡುವವರು ಸಾಮಾನ್ಯವಾಗಿ ಬಳಸುವುದು ಎ516 ಗ್ರೇಡ್ 70. ಅಂಗಡಿಯಲ್ಲಿ ಸುಮ್ನೆ ಕೇಳಿದರೆ ಕೊಡುವುದು ಎ36. ಎಳೆಯುವ ಬಲದ ಅಂಕಿ ನೋಡಿದರೆ ಎರಡೂ ಅಣ್ಣ ತಮ್ಮಂದಿರೇ, ಆದರೆ ಚಳಿಯಲ್ಲಿ ಬಿರುಕು ಬಿಡದೆ ನಿಲ್ಲುವುದರಲ್ಲಿ ಎ516 ಮೇಲೆ ಜಾಸ್ತಿ ನಂಬಿಕೆ ಇಡಬಹುದು, ಮತ್ತು ಇಲ್ಲಿನ ದೊಡ್ಡ ಕೆರೆಗಳ ಆಳದಲ್ಲಿ ನೀರು 4 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ. ಇದನ್ನು ಹೇಳೋಕೆ ಅರ್ಧ ಸಾಲು ಸಾಕಿತ್ತು.

ದೊಡ್ಡ ಕೊರತೆ ಮಾತ್ರ ಇದಲ್ಲ, ಸಿಲಿಂಡರ್ ಎಷ್ಟು ದುಂಡಗಿರಬೇಕು ಅಂತ ಎಲ್ಲೂ ಹೇಳದೇ ಇರುವುದು. ಪ್ಲೇಟನ್ನು ರೋಲಿಂಗ್ ಮಾಡಿಸಿ ವೆಲ್ಡ್ ಮಾಡಿದಾಗ ಅದು ಸ್ವಲ್ಪ ಮೊಟ್ಟೆಯಾಕಾರ ಆಗೇ ಆಗುತ್ತದೆ. ಎಷ್ಟರವರೆಗೆ ಸರಿ? ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಸ್ಥೆ ಎಎಸ್‌ಎಂಇಯ ನಿಯಮದ ಪ್ರಕಾರ ಅತಿ ಹೆಚ್ಚು ವ್ಯಾಸಕ್ಕೂ ಅತಿ ಕಮ್ಮಿ ವ್ಯಾಸಕ್ಕೂ ನಡುವಿನ ಅಂತರ ವ್ಯಾಸದ 1% ದಾಟಬಾರದು. 36 ಇಂಚಿಗೆ ಅದು 9 ಮಿ.ಮೀ. ಒತ್ತಡ ಹೊರಗಿನಿಂದ ಬೀಳುವುದಾದರೆ ಇನ್ನೂ ಬಿಗಿಯಾದ ಅಳತೆಗಳಿವೆ, ಯಾಕೆಂದರೆ ಒಂದು ಕಡೆ ಚಪ್ಪಟೆ ಇದ್ದರೆ ಮುದುಡುವುದು ಅಲ್ಲಿಂದಲೇ ಶುರು. ನಮ್ಮ ಪ್ಲಾನ್‌ನಲ್ಲಿ ಇದರ ಬಗ್ಗೆ ಒಂದಕ್ಷರ ಇಲ್ಲ. ವೆಲ್ಡಿಂಗ್ ಬಗ್ಗೆ "ಗಟ್ಟಿಯಾಗಿ ಬೆಸೆಯಿರಿ" ಅಂತ ಇದೆ. ಪ್ಲೇಟಿನ ಅಂಚು ಹೇಗೆ ಕೆತ್ತಬೇಕು, ಎರಡೂ ಕಡೆಯಿಂದ ಬೆಸೆಯಬೇಕಾ, ಎಕ್ಸ್‌ರೇ ಬೇಕಾ, ಅಲ್ಟ್ರಾಸಾನಿಕ್ ಸಾಕಾ, ಕೇಳಬೇಡಿ. ನನ್ನ ವೆಲ್ಡರ್ ಸ್ನೇಹಿತ ಆ ಹಾಳೆ ನೋಡಿ, "ಇದು ಗೇಟಿಗಾ?" ಅಂದ.

ಊರಿಂದ ಅಪ್ಪ ಫೋನ್ ಮಾಡಿ, ಟಿವಿಯಲ್ಲಿ ಮತ್ಸ್ಯ 6000 ತೋರಿಸಿದರು ಕಣೋ, ನಿಂದೂ ಹಂಗೇನಾ ಅಂತ ಕೇಳಿದರು. ಅದು ಜನರನ್ನು ಸಮುದ್ರದಾಳಕ್ಕೆ ಒಯ್ಯೋಕೆ ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ (ಎನ್‌ಐಒಟಿ) ಮಾಡುತ್ತಿರುವ ವಾಹನ, 80 ಮಿ.ಮೀ. ದಪ್ಪದ ಟೈಟಾನಿಯಂ ಗೋಳ, 6000 ಮೀಟರ್ ಆಳಕ್ಕೆ. ಅದರ ಬೆಸುಗೆಗೆ ಇಸ್ರೋದವರು ಎಲೆಕ್ಟ್ರಾನ್ ಬೀಮ್ ವಿಧಾನವನ್ನೇ ಸಿದ್ಧ ಮಾಡಬೇಕಾಯಿತು. ಅಪ್ಪನಿಗೆ ಏನು ಹೇಳಲಿ, ನಂದೂ ಹಂಗೇ ಅಪ್ಪ, ಸ್ವಲ್ಪ ಚಿಕ್ಕದು ಅಂದೆ.

ಕಿಟಕಿಯ ಹಾಳೆ ನೋಡಿದರೆ ಸಿಟ್ಟು ಬರುತ್ತದೆ. "ಒಂದು ಇಂಚು ಪ್ಲೆಕ್ಸಿಗ್ಲಾಸ್, ಎರಡೂ ಕಡೆ ಗ್ಯಾಸ್ಕೆಟ್, ಬೋಲ್ಟ್ ಚೆನ್ನಾಗಿ ಬಿಗಿಯಿರಿ." ಅಷ್ಟೇ! ಮನುಷ್ಯರು ಕೂರುವ ಒತ್ತಡ ಪಾತ್ರೆಗಳಿಗೆ ಅಂತಲೇ ಪಿವಿಎಚ್‌ಒ-1 ಅನ್ನುವ ನಿಯಮ ಇದೆ. ಅಕ್ರಿಲಿಕ್ ಎರಕ ಹೊಯ್ದದ್ದೇ ಆಗಿರಬೇಕು, ಕತ್ತರಿಸಿ ನಯ ಮಾಡಿದ ಮೇಲೆ ಒಲೆಯಲ್ಲಿಟ್ಟು ನಿಧಾನಕ್ಕೆ ಆರಿಸಬೇಕು, ಮಾಮೂಲಿ ಕಿಟಕಿಗಳ ಆಯಸ್ಸು 10 ವರ್ಷ ಅಂತೆಲ್ಲ ಅದರಲ್ಲಿದೆ. ಅಮೋನಿಯ ಇರುವ ಗ್ಲಾಸ್ ಕ್ಲೀನರ್ ಹಾಕಿ ಒರೆಸಿದರೂ ಅಕ್ರಿಲಿಕ್‌ನಲ್ಲಿ ಕೂದಲೆಳೆಯ ಬಿರುಕು ಬರುತ್ತದೆ. ಬೋಲ್ಟನ್ನು ಸಿಕ್ಕಾಪಟ್ಟೆ ಬಿಗಿದರಂತೂ ನೀರಿಗೆ ಇಳಿಯುವ ಮೊದಲೇ ಅದರ ಕಥೆ ಮುಗೀತು.

ಹ್ಯಾಚ್ 24 ಇಂಚು. 200 ಅಡಿಯಲ್ಲಿ ಅದರ ಮೇಲೆ ಬೀಳುವ ಭಾರ ಸುಮಾರು 18 ಟನ್. ಬರೀ 3 ಮೀಟರ್ ಕೆಳಗಿದ್ದರೂ 870 ಕೆಜಿ ಆಸುಪಾಸು. ಅಂದರೆ ಒಳಗಿನಿಂದ ತಳ್ಳಿ ತೆಗೆಯೋದು ಆಗದ ಮಾತು. ಹೊರಬರಬೇಕಾದರೆ ಒಳಗೆ ನೀರು ಬಿಟ್ಟುಕೊಂಡು ಒತ್ತಡ ಸರಿಸಮ ಮಾಡಬೇಕು, ಅದಕ್ಕೊಂದು ವಾಲ್ವ್ ಬೇಕು. ಪ್ಲಾನ್‌ನಲ್ಲಿ ಆ ವಾಲ್ವೂ ಇಲ್ಲ, ಆ ವಿಚಾರವೂ ಇಲ್ಲ.

ಉಸಿರಾಟದ ಬಗ್ಗೆ "ಒಳಗಿನ ಗಾಳಿ ಒಂದೆರಡು ಗಂಟೆಗೆ ಧಾರಾಳ" ಅಂತ ಬರೆದಿದ್ದಾರೆ. ಆಮ್ಲಜನಕ ಸಾಕಾಗಬಹುದು ನಿಜ, ಆದರೆ ಮೊದಲು ಕಾಡುವುದು ನಾವೇ ಬಿಟ್ಟ ಇಂಗಾಲದ ಡೈಆಕ್ಸೈಡ್. ಸುಮ್ಮನೆ ಕೂತವನು ಗಂಟೆಗೆ ಸುಮಾರು 20 ಲೀಟರ್ ಬಿಡುತ್ತಾನೆ. ಒಳಗಿನ ಜಾಗ 1200 ಲೀಟರ್ ಅಂದುಕೊಂಡರೆ ಒಂದು ಗಂಟೆಗೆ ಒಂದೂವರೆ ಶೇಕಡಾ ದಾಟುತ್ತದೆ, ಮೂರು ಗಂಟೆಗೆ 5%. ಅಷ್ಟು ಹೊತ್ತಿಗೆ ತಲೆ ಸಿಡಿಯುತ್ತಿರುತ್ತದೆ, ಬುದ್ಧಿ ಓಡಲ್ಲ. ಆ ಡೈಆಕ್ಸೈಡನ್ನು ಹೀರಿಕೊಳ್ಳುವ ಸೋಡಾ ಲೈಮ್ ತುಂಬಿದ ಒಂದು ಡಬ್ಬಿ, ಅದಕ್ಕೊಂದು ಫ್ಯಾನ್ ಹಾಕಿ ಅಂತ ಹೇಳೋಕೆ ಏನು ಕಷ್ಟ? ಅದರ ಮೇಲೆ ಲೆಡ್ ಆಸಿಡ್ ಬ್ಯಾಟರಿಗಳನ್ನು ಸೀಟಿನ ಕೆಳಗೇ ಇಡಿಸಿದ್ದಾರೆ, ಗಾಳಿ ಹೋಗೋಕೆ ದಾರಿ ಇಲ್ಲದೆ. ಹೈಡ್ರೋಜನ್ ಗಾಳಿಯಲ್ಲಿ 4% ಆದರೆ ಒಂದು ಕಿಡಿ ಸಾಕು. ಸಮುದ್ರದ ನೀರು ಬ್ಯಾಟರಿ ಒಳಗೆ ಹೋದರೆ ಕ್ಲೋರಿನ್ ಹೊರಡುತ್ತದೆ.

ತೂಕದ ಪಟ್ಟಿಯೂ ಇಲ್ಲ. ಭಾರಕ್ಕೆ ಎಷ್ಟು ಸೀಸ ಎಲ್ಲಿ ಇಡಬೇಕು ಅಂತ ಒಂದೇ ಅಂಕಿ, ಅದೂ ಸಮುದ್ರಕ್ಕೆ. ಒಂದೂವರೆ ಟನ್ ನೀರು ಸರಿಸುವ ಸಬ್‌ಮರೀನ್ ಸಿಹಿನೀರಿಗೆ ಬಂದರೆ ಸುಮಾರು 38 ಕೆಜಿ ಜಾಸ್ತಿ ಭಾರವಾಗುತ್ತದೆ. ಅದನ್ನು ಸರಿತೂಗಿಸುವ ಟ್ಯಾಂಕಿಗೆ 20 ಲೀಟರ್ ನೀರು ಹಿಡಿದರೆ ಹೆಚ್ಚು.

ಒಳ್ಳೆಯದನ್ನೂ ಹೇಳಬೇಕಲ್ಲ. ಬ್ಯಾಲಾಸ್ಟ್ ಟ್ಯಾಂಕಿನ ಆಕಾರ, ಕೆಳಗೆ ತೆರೆದ ಬಾಯಿ, ಮೇಲಿನ ಗಾಳಿ ವಾಲ್ವ್ ಎಲ್ಲ ಯೋಚಿಸಿ ಮಾಡಿದ್ದು, ಅದನ್ನು ಹಾಗೇ ಇಟ್ಟುಕೊಂಡಿದ್ದೇನೆ. ತುರ್ತಿಗೆ ಸೀಸ ಕಳಚಿ ಬೀಳಿಸುವ ಲಿವರ್ ಕೂಡ ಸರಳವಾಗಿದೆ.

2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೊರಟ ಟೈಟಾನ್ ಸಬ್‌ಮರ್ಸಿಬಲ್ ನುಚ್ಚುನೂರಾಗಿ ಐದು ಜನ ಹೋದ ಮೇಲೆ ಮನೆಯವಳು ಗ್ಯಾರೇಜಿಗೆ ಬಂದು, ಇದಕ್ಕೆ ಲೆಕ್ಕ ಯಾರು ಹಾಕಿದ್ದು ಅಂತ ನೇರವಾಗಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಅಲ್ಲಿಂದ ಪ್ಲಾನ್ ಪಕ್ಕಕ್ಕಿಟ್ಟು ಹಡಗುಗಳಿಗೆ ಸುರಕ್ಷತಾ ನಿಯಮ ಮಾಡುವ ಅಮೆರಿಕದ ಎಬಿಎಸ್ ಸಂಸ್ಥೆಯ ನೀರೊಳಗಿನ ವಾಹನಗಳ ನಿಯಮ ಹಿಡಿದು ಕೂತೆ. ಅದು ಅವರ ವೆಬ್‌ಸೈಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಓದೋಕೆ ಕಷ್ಟ, ಆದರೆ ಕೇಳಿದ್ದಕ್ಕೆ ಉತ್ತರ ಇದೆ. ಈಗ ಪ್ಲೇಟು, ಸಿಲಿಂಡರ್ ಮುದುಡದಂತೆ ಹಿಡಿಯುವ ಉಂಗುರ, ಕಿಟಕಿ ಎಲ್ಲ ಹೊಸ ಲೆಕ್ಕ. ಆಮೇಲೂ ಮೊದಲ ಸಲ ಆಳಕ್ಕೆ ಹೋಗುವುದು ಹಗ್ಗ ಕಟ್ಟಿದ ಖಾಲಿ ಸಬ್‌ಮರೀನ್, ನಾನಲ್ಲ.

ನೀವೂ ಇಂಥ ಪ್ಲಾನ್ ಕೊಳ್ಳುವ ಯೋಚನೆಯಲ್ಲಿದ್ದರೆ ದುಡ್ಡು ಕೊಡುವ ಮೊದಲು ಸ್ಟೀಲ್ ಗ್ರೇಡ್, ದುಂಡುತನದ ಮಿತಿ, ಮುದುಡುವ ಆಳದ ಲೆಕ್ಕ ಈ ಮೂರು ಹಾಳೆ ತೋರಿಸಿ ಅಂತ ಕೇಳಿ. ನಾನು ಕಡೆಯದಾಗಿ ದುಡ್ಡು ವಾಪಸ್ ಕೇಳಿದಾಗ, ಡಿಜಿಟಲ್ ಫೈಲ್‌ಗೆ ವಾಪಸ್ ಇಲ್ಲ ಅಂದರು, ಜೊತೆಗೆ ಇಬ್ಬರು ಕೂರುವ ಹೊಸ ಮಾದರಿಯ ಪ್ಲಾನ್ ಹಳೆಯ ಗ್ರಾಹಕರಿಗೆ ಅರ್ಧ ಬೆಲೆಗೆ ಕೊಡುತ್ತೇವೆ ಅಂತ ಲಿಂಕ್ ಕಳಿಸಿದರು.