ಪೂರ್ವನಿರ್ಣಯವೋ, ಸ್ವತಂತ್ರ ಇಚ್ಛೆಯೋ: ಬೆಳಗಾವಿ ಕ್ಯಾಂಪಿನ ಒಂದು ಅಧ್ಯಯನ ವರ್ಗದ ವಿಮರ್ಶೆ

ಬೆಳಗಾವಿಯ ಕ್ಯಾಂಪ್ ಭಾಗದ ಒಂದು ಚರ್ಚಿನ ಸಭಾಭವನದಲ್ಲಿ ಶನಿವಾರ ಸಂಜೆ ಎರಡು ತಾಸು ನಡೆಯುವ ಕನ್ನಡ ಅಧ್ಯಯನ ವರ್ಗದ ಒಂದು ಸುತ್ತು ಈಗ ಮುಗಿದಿದೆ. ಮನುಷ್ಯನ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ದೇವರು ಮೊದಲೇ ಮಾಡಿಟ್ಟ ನಿರ್ಣಯದಂತೆ ಆಗುತ್ತದೆಯೋ, ಅದರಲ್ಲಿ ಮನುಷ್ಯನ ಸ್ವತಂತ್ರ ಇಚ್ಛೆಗೂ ಪಾಲಿದೆಯೋ ಎಂಬ ಒಂದೇ ಪ್ರಶ್ನೆಯ ಮೇಲೆ ಪ್ರೊಟೆಸ್ಟಂಟ್ ಸಭೆಗಳಲ್ಲಿ ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ನಡೆದ ವಿವಾದಗಳೇ ಈ ಸುತ್ತಿನ ವಿಷಯ. ಶುಲ್ಕವಿಲ್ಲ, ಪಾಠದ ಹಾಳೆಗಳ ಝೆರಾಕ್ಸ್ ಖರ್ಚನ್ನು ಮಾತ್ರ ಕೊಡಬೇಕು. ಇಷ್ಟು ಗಂಭೀರವಾದ ವಿಷಯವನ್ನು ಕನ್ನಡದಲ್ಲಿ, ಮೂಲ ಪಠ್ಯಗಳನ್ನು ಮುಂದಿಟ್ಟುಕೊಂಡು, ಯಾವ ಪಂಗಡದ ಪರವಾಗಿಯೂ ಪ್ರಚಾರಕ್ಕೆ ಇಳಿಯದೆ ಕಲಿಸುವ ವ್ಯವಸ್ಥೆ ನಮ್ಮ ಭಾಗದಲ್ಲಿ ಅಪರೂಪ. ವರ್ಗ ಬಹುಮಟ್ಟಿಗೆ ಒಳ್ಳೆಯದಾಗಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಈ ವಿವಾದದ ಎರಡೂ ಕವಲುಗಳು ಬೆಳಗಾವಿಗೇ ಬಂದು ನೆಲೆಸಿದ ಕಥೆಯನ್ನು ಅದು ಪೂರ್ತಿಯಾಗಿ ಬಿಟ್ಟುಬಿಟ್ಟಿದೆ. ಈ ಕೊರತೆ ಸಣ್ಣದಲ್ಲ.

ಪಾಠಗಳು ಆರಂಭವಾಗುವುದು ಕ್ಯಾಥೊಲಿಕ್ ವಿದ್ವಾಂಸ ಎರಾಸ್ಮಸ್ ಮತ್ತು ಪ್ರೊಟೆಸ್ಟಂಟ್ ಸುಧಾರಕ ಮಾರ್ಟಿನ್ ಲೂಥರ್ ಅವರಿಂದ. 1524ರಲ್ಲಿ ಎರಾಸ್ಮಸ್ ಸ್ವತಂತ್ರ ಇಚ್ಛೆಯ ಪರವಾಗಿ ಬರೆದನು. 1525ರ ಡಿಸೆಂಬರಿನಲ್ಲಿ ಲೂಥರ್ ಅದಕ್ಕೆ ಉತ್ತರ ಕೊಟ್ಟು, ಮನುಷ್ಯನ ಇಚ್ಛೆ ಬಂಧನದಲ್ಲಿದೆ ಎಂದು ವಾದಿಸಿದನು. ಪೋಪರ ಅಧಿಕಾರ, ಶುದ್ಧೀಕರಣಸ್ಥಳ ಮುಂತಾದ ಸಂಗತಿಗಳನ್ನು ಹಿಡಿದುಕೊಂಡು ಬಂದ ಇತರ ಎದುರಾಳಿಗಳಿಗಿಂತ ಎರಾಸ್ಮಸ್ ಮೂಲ ಪ್ರಶ್ನೆಗೇ ಕೈಹಾಕಿದನೆಂದು ಲೂಥರ್ ಅದೇ ಗ್ರಂಥದಲ್ಲಿ ಅವನನ್ನು ಮೆಚ್ಚಿಕೊಳ್ಳುತ್ತಾನೆ. ಬೋಧಕರು ಆ ಭಾಗವನ್ನು ಕನ್ನಡದಲ್ಲಿ ಓದಿ ಹೇಳಿದ್ದರಿಂದ, ಕಟುವಾಗಿ ಬರೆಯುವ ಲೂಥರ್ ತನ್ನ ಎದುರಾಳಿಯ ಪ್ರಶ್ನೆಯನ್ನು ಎಷ್ಟು ಗೌರವದಿಂದ ಕಂಡನೆಂಬುದು ಸ್ಪಷ್ಟವಾಯಿತು. ಕೃಪೆಯನ್ನು ಎತ್ತಿಹಿಡಿದ ಅಗಸ್ಟಿನ್ ಮತ್ತು ಮನುಷ್ಯನ ಇಚ್ಛೆಯನ್ನು ಎತ್ತಿಹಿಡಿದ ಪೆಲೇಜಿಯಸ್ ನಡುವಿನ ಐದನೆಯ ಶತಮಾನದ ವಿವಾದವನ್ನು ಹಿನ್ನೆಲೆಯಾಗಿ ಬೇಗನೆ ಹೇಳಿ ಮುಗಿಸಿದರು, ಅಷ್ಟು ಸಾಕಾಗಿತ್ತು.

ಪೂರ್ವನಿರ್ಣಯವನ್ನು ಬೋಧಿಸಿದ ಸುಧಾರಕ ಜಾನ್ ಕ್ಯಾಲ್ವಿನ್‌ನ ಊರಾದ ಜಿನೀವಾದ ಪಾಠದಲ್ಲಿ ವರ್ಗಕ್ಕೆ ನಿಜವಾದ ಕಳೆ ಬಂತು. ಬೈಲಹೊಂಗಲದ ಕಡೆಯಿಂದ ಬರುತ್ತಿದ್ದ ಒಬ್ಬ ನಿವೃತ್ತ ಶಿಕ್ಷಕರು ಎದ್ದು ನಿಂತು, “ಸರ್, ಎಲ್ಲಾ ಮೊದಲ ಬರದಿಟ್ಟಿದ್ರ ಮತ್ತ ಪ್ರಾರ್ಥನಾ ಯಾಕ ಮಾಡ್ಬೇಕ್ರಿ? ಇದು ನಮ್ಮ ಹಣೇಬರಹದ ಮಾತs ಆತಲ್ರಿ?” ಎಂದು ಕೇಳಿದರು. ಬೋಧಕರು ತಮ್ಮ ಅಭಿಪ್ರಾಯ ಹೇಳಲಿಲ್ಲ. ಕ್ಯಾಲ್ವಿನ್‌ನ ಮುಖ್ಯ ಗ್ರಂಥದ 1559ರ ಕೊನೆಯ ಆವೃತ್ತಿಯ ಅಧ್ಯಾಯಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದು ತೋರಿಸಿದರು. ಅದರ ಮೂರನೆಯ ಭಾಗದಲ್ಲಿ ಪೂರ್ವನಿರ್ಣಯದ ಚರ್ಚೆ ಇರುವುದು 21ರಿಂದ 24ರವರೆಗಿನ ಅಧ್ಯಾಯಗಳಲ್ಲಿ. ಅದಕ್ಕೆ ಸರಿಯಾಗಿ ಹಿಂದಿನದಾದ 20ನೆಯ ಅಧ್ಯಾಯ ಪ್ರಾರ್ಥನೆಯನ್ನು ಕುರಿತದ್ದು, ಮತ್ತು ಅದು ಬಹಳ ದೀರ್ಘವಾದದ್ದು. ಪ್ರಾರ್ಥನೆಯನ್ನು ದೇವರು ವಿಧಿಸಿದ್ದು ತನಗಾಗಿ ಎನ್ನುವುದಕ್ಕಿಂತ ನಮಗಾಗಿ ಎಂದು ಕ್ಯಾಲ್ವಿನ್ ಅಲ್ಲಿ ಹೇಳುತ್ತಾನೆ. ಇನ್ನು ಹಣೆಬರಹದ ಮಾತು: ಪ್ರಾಚೀನ ಗ್ರೀಕ್ ತತ್ವಜ್ಞಾನಿಗಳಾದ ಸ್ಟೋಯಿಕರ ವಿಧಿವಾದವನ್ನೇ ಇವನು ಹೇಳುತ್ತಿದ್ದಾನೆಂಬ ಆರೋಪ ಕ್ಯಾಲ್ವಿನ್ ಕಾಲದಲ್ಲಿಯೇ ಕೇಳಿಬಂದಿತ್ತು, ಅವನು ಅದನ್ನು ಅದೇ ಗ್ರಂಥದ ಮೊದಲ ಭಾಗದಲ್ಲಿ ನಿರಾಕರಿಸಿದ್ದಾನೆ. ಕಾರಣಗಳ ಕುರುಡು ಸರಪಳಿ ಬೇರೆ, ಬಲ್ಲವನೂ ಆಳುವವನೂ ಆದ ದೇವರ ಚಿತ್ತ ಬೇರೆ ಎಂಬುದು ಅವನ ಉತ್ತರ. ಈ ಉತ್ತರ ಎಲ್ಲರಿಗೂ ಒಪ್ಪಿಗೆಯಾಗಬೇಕಿಲ್ಲ. ಆ ಶಿಕ್ಷಕರಿಗೆ ಆಗಲೂ ಇಲ್ಲ. ಆದರೆ ಎದುರಿನವನು ನಿಜವಾಗಿ ಏನು ಹೇಳಿದನೆಂಬುದನ್ನು ತಿಳಿದುಕೊಂಡು ಒಪ್ಪದಿರುವ ಅಭ್ಯಾಸವನ್ನು ಈ ವರ್ಗ ಮಾಡಿಸುತ್ತದೆ. ಅದೇ ಇದರ ದೊಡ್ಡ ಗುಣವೆಂದು ನಾನು ತಿಳಿಯುತ್ತೇನೆ.

ಕ್ಯಾಲ್ವಿನ್‌ನ ಪರವಾದ ಸಂಗತಿಗಳನ್ನಷ್ಟೇ ಹೇಳಿ ಮುಗಿಸಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸಬೇಕು. 1551ರ ಅಕ್ಟೋಬರಿನಲ್ಲಿ ಜೆರೋಮ್ ಬೋಲ್ಸೆಕ್ ಎಂಬ ವೈದ್ಯನು, ಈ ಬೋಧನೆ ದೇವರನ್ನೇ ಪಾಪದ ಕರ್ತನನ್ನಾಗಿ ಮಾಡುತ್ತದೆಂದು ಜಿನೀವಾದಲ್ಲಿ ಬಹಿರಂಗವಾಗಿ ಆಕ್ಷೇಪಿಸಿದಾಗ ಅವನನ್ನು ಸೆರೆಯಲ್ಲಿಟ್ಟು, ಆ ವರ್ಷದ ಕೊನೆಯಲ್ಲಿ ಊರಿನಿಂದ ಹೊರಹಾಕಲಾಯಿತು. ಬಾಸೆಲ್, ಬರ್ನ್, ಜ್ಯೂರಿಚ್ ಸಭೆಗಳ ಅಭಿಪ್ರಾಯ ಕೇಳಿದಾಗ ಜಿನೀವಾ ಬಯಸಿದಷ್ಟು ಬಲವಾದ ಬೆಂಬಲ ದೊರೆಯಲಿಲ್ಲ. ಸುಧಾರಣೆಯ ನಗರಗಳೆಲ್ಲ ಒಂದೇ ದನಿಯಲ್ಲಿ ಮಾತನಾಡುತ್ತಿದ್ದವೆಂದು ನಂಬಿ ಬಂದವರಿಗೆ ಈ ಪಾಠ ಬಹಳ ಉಪಯುಕ್ತವಾಯಿತು.

ಇಡೀ ಸುತ್ತಿನ ಶಿಖರವೆಂದರೆ ಹಾಲೆಂಡಿನ ವಿವಾದ. ಜಿನೀವಾದಲ್ಲಿ ಕ್ಯಾಲ್ವಿನ್‌ನ ಉತ್ತರಾಧಿಕಾರಿ ಬೇಜಾನ ಬಳಿ ಕಲಿತ ಯಾಕೋಬಸ್ ಆರ್ಮಿನಿಯಸ್ 1603ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದದ್ದು, ಸಹೋದ್ಯೋಗಿಯಾಗಿದ್ದ ಗೊಮಾರಸ್‌ನೊಡನೆ ಅವನಿಗೆ ಬಂದ ಭಿನ್ನಾಭಿಪ್ರಾಯ, 1609ರಲ್ಲಿ ಅವನು ತೀರಿಕೊಂಡ ಮೇಲೆ 1610ರಲ್ಲಿ ಅವನ ಅನುಯಾಯಿಗಳು ಐದು ಅಂಶಗಳ ನಿವೇದನಾಪತ್ರ ಸಲ್ಲಿಸಿದ್ದು, ಇವೆಲ್ಲವನ್ನೂ ಕ್ರಮವಾಗಿ ಹೇಳಿದರು. ಆ ಐದು ಅಂಶಗಳ ಪೂರ್ಣ ಪಾಠವನ್ನು ಕನ್ನಡಕ್ಕೆ ತಂದು ಹಂಚಿದ್ದು ಸಂಘಟಕರ ಶ್ರಮಕ್ಕೆ ಸಾಕ್ಷಿ. ಮನುಷ್ಯನು ತನ್ನ ಪ್ರಯತ್ನದಿಂದಲೇ ರಕ್ಷಣೆ ಪಡೆಯಬಲ್ಲನೆಂದು ಆರ್ಮಿನಿಯಸ್ ಪಕ್ಷದವರು ಹೇಳಿದರೆಂಬುದು ನಮ್ಮಲ್ಲಿ ಬಹಳ ಜನರ ತಿಳಿವಳಿಕೆ. ಆದರೆ ಮೂರನೆಯ ಅಂಶವನ್ನು ಓದಿದರೆ, ಮನುಷ್ಯನಿಗೆ ರಕ್ಷಿಸುವ ನಂಬಿಕೆ ತನ್ನಿಂದ ತಾನೇ ಬರುವುದಿಲ್ಲವೆಂದು ಅವರೇ ಬರೆದಿರುವುದು ಕಾಣುತ್ತದೆ. ನಾಲ್ಕನೆಯದರಲ್ಲಿ, ಒಳ್ಳೆಯದರ ಆರಂಭವೂ ಮುಂದುವರಿಕೆಯೂ ಪೂರ್ಣತೆಯೂ ಕೃಪೆಯೇ, ಆದರೆ ಆ ಕೃಪೆಯನ್ನು ಮನುಷ್ಯನು ಎದುರಿಸಿ ತಳ್ಳಿಬಿಡಬಲ್ಲನು ಎಂದಿದೆ. ಕೃಪೆ ಮೊದಲೋ ಅಲ್ಲವೋ ಎಂಬುದರಲ್ಲಿ ಎರಡೂ ಕಡೆಯವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಬಂದ ಕೃಪೆಯನ್ನು ಬೇಡವೆನ್ನಲು ಸಾಧ್ಯವೇ ಎಂಬಲ್ಲಿ ಅವರು ಬೇರೆಯಾದರು. ಇದೊಂದನ್ನು ಸರಿಯಾಗಿ ಮನದಟ್ಟು ಮಾಡಿಸಿದ್ದಕ್ಕೇ ಈ ವರ್ಗಕ್ಕೆ ಕೃತಜ್ಞತೆ ಸಲ್ಲಬೇಕು.

1618ರ ನವೆಂಬರಿನಿಂದ 1619ರ ಮೇ ತಿಂಗಳವರೆಗೆ ಡಾರ್ಟ್ ಪಟ್ಟಣದಲ್ಲಿ ಈ ವಿವಾದವನ್ನು ತೀರ್ಮಾನಿಸಲು ಕೂಡಿದ ಸಿನಡ್‌ನ, ಅಂದರೆ ಸಭೆಗಳ ಪ್ರತಿನಿಧಿಗಳ ಮಹಾಸಭೆಯ, ರಾಜಕೀಯವನ್ನೂ ಮುಚ್ಚಿಡಲಿಲ್ಲ. ಸ್ಪೇನಿನೊಡನೆ 1609ರಲ್ಲಿ ಮಾಡಿಕೊಂಡ ಹನ್ನೆರಡು ವರ್ಷಗಳ ಕದನವಿರಾಮವನ್ನು ಬೆಂಬಲಿಸಿದ ಹಾಲೆಂಡಿನ ರಾಜಕಾರಣಿ ಓಲ್ಡನ್‌ಬಾರ್ನೆವೆಲ್ಟ್ ಆರ್ಮಿನಿಯಸ್ ಪಕ್ಷದ ಕಡೆ, ಯುದ್ಧಪಕ್ಷದ ರಾಜಕುಮಾರ ಮೌರಿಟ್ಸ್ ಅವರ ಎದುರಾಳಿಗಳ ಕಡೆ ನಿಂತಿದ್ದರಿಂದ ದೈವಶಾಸ್ತ್ರದ ಪ್ರಶ್ನೆ ಅಧಿಕಾರದ ಪ್ರಶ್ನೆಯೂ ಆಯಿತು. ಆರ್ಮಿನಿಯಸ್ ಪಕ್ಷದ ಮುಖಂಡ ಎಪಿಸ್ಕೋಪಿಯಸ್ ಮತ್ತು ಅವನ ಜೊತೆಗಾರರು ಸದಸ್ಯರಾಗಿ ಅಲ್ಲ, ಆರೋಪಿಗಳಂತೆ ಸಭೆಯ ಮುಂದೆ ನಿಲ್ಲಬೇಕಾಯಿತು. ಜನವರಿಯಲ್ಲಿ ಅವರನ್ನು ಹೊರಗೆ ಕಳಿಸಲಾಯಿತು. 1619ರ ಮೇ 13ರಂದು ಓಲ್ಡನ್‌ಬಾರ್ನೆವೆಲ್ಟ್‌ನ ಶಿರಚ್ಛೇದವಾಯಿತು. ಆ ಪಕ್ಷದ ಸುಮಾರು ಇನ್ನೂರು ಸಭಾಪಾಲಕರು ಕೆಲಸ ಕಳೆದುಕೊಂಡರು. ಇಷ್ಟನ್ನೂ ಹೇಳಿದ ಮೇಲೆ ಬೋಧಕರು ಸಿನಡ್‌ನ ತೀರ್ಮಾನಗಳ ಮೂಲ ಪಾಠವನ್ನೇ ಕೈಗೆ ಕೊಟ್ಟದ್ದು ಸರಿಯಾದ ಕ್ರಮ. ಮೊದಲನೆಯ ಅಧ್ಯಾಯದ 17ನೆಯ ಕಲಮನ್ನು ವಯಸ್ಸಾದ ಒಬ್ಬ ತಾಯಿ ಗಟ್ಟಿಯಾಗಿ ಓದಿದರು: ಶೈಶವದಲ್ಲೇ ದೇವರು ಕರೆದುಕೊಂಡ ಮಕ್ಕಳ ಆಯ್ಕೆ ಮತ್ತು ರಕ್ಷಣೆಯ ಬಗ್ಗೆ ಭಕ್ತರಾದ ತಂದೆತಾಯಿಗಳು ಸಂಶಯಪಡಬಾರದು ಎಂಬುದು ಅದರ ತಾತ್ಪರ್ಯ. ಓದಿ ಮುಗಿಸಿದವರು ಕನ್ನಡಕ ತೆಗೆದು ಹಾಳೆಯನ್ನು ಮಡಚಿ ಬೈಬಲಿನೊಳಗೆ ಇಟ್ಟುಕೊಂಡರು. ಕಠೋರವೆಂದು ಹೆಸರಾದ ಆ ಸಿನಡ್‌ನ ಮುಂದೆ ಮಗು ಕಳೆದುಕೊಂಡ ಮನೆಗಳ ದುಃಖವೂ ಇತ್ತೆಂಬುದನ್ನು ಸಾರಾಂಶದ ಪುಸ್ತಕಗಳಿಂದ ತಿಳಿಯಲು ಸಾಧ್ಯವಿಲ್ಲ.

ಬೈಬಲಿನ ಪಠ್ಯದ ಮೇಲೆ ಮಾಡಿಸಿದ ಅಭ್ಯಾಸಗಳಲ್ಲಿ ಒಂದನ್ನು ವಿಶೇಷವಾಗಿ ಹೇಳಬೇಕು. ವಿಮೋಚನಕಾಂಡದಲ್ಲಿ ಐಗುಪ್ತದ ಅರಸ ಫರೋಹನ ಹೃದಯ ಕಠಿಣವಾದ ಪ್ರಸಂಗಗಳನ್ನೆಲ್ಲ ಹುಡುಕಿ, ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಹಾಕಿ ಬರೆಯಲು ಹೇಳಿದರು. 8:15 ಮತ್ತು 8:32ರಲ್ಲಿ ಫರೋಹನೇ ತನ್ನ ಹೃದಯವನ್ನು ಕಠಿಣ ಮಾಡಿಕೊಳ್ಳುತ್ತಾನೆ. 9:12ರಲ್ಲಿ ಕಠಿಣಪಡಿಸುವವನು ಯೆಹೋವನು. 7:13ರಲ್ಲಿ ಯಾರು ಮಾಡಿದರೆಂದು ಹೇಳದೆ ಹೃದಯ ಕಠಿಣವಾಯಿತೆಂದಷ್ಟೇ ಇದೆ. ಎರಾಸ್ಮಸ್ ಮತ್ತು ಲೂಥರ್ ಇಬ್ಬರೂ ಈ ಪ್ರಸಂಗವನ್ನೇ ಹಿಡಿದು ವಾದಿಸಿದವರು. ಅಂಕಣಗಳು ತುಂಬಿದ ಮೇಲೆ, ಫರೋಹನ ಮಾತನ್ನೇ ಎತ್ತುವ, ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೆಯ ಅಧ್ಯಾಯ ಓದಿದಾಗ, ಒಂದೇ ವಚನ ಹಿಡಿದು ವಿವಾದ ಮುಗಿಸಲು ಯಾರಿಂದಲೂ ಏಕೆ ಆಗಲಿಲ್ಲವೆಂಬುದು ನಮಗೇ ಅರ್ಥವಾಯಿತು.

ಇಂಗ್ಲೆಂಡಿನ ಭಾಗಕ್ಕೆ ಬಂದಾಗ ಮಾತ್ರ ಅವಸರ ಕಾಣಿಸಿತು. ಮೆಥೊಡಿಸ್ಟ್ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ ಮತ್ತು ಕ್ಯಾಲ್ವಿನ್‌ನ ಬೋಧನೆಯನ್ನು ಒಪ್ಪಿದ ಜಾರ್ಜ್ ವೈಟ್‌ಫೀಲ್ಡ್ ಆಕ್ಸ್‌ಫರ್ಡಿನ ದಿನಗಳಿಂದ ಸ್ನೇಹಿತರು. 1739ರಲ್ಲಿ ಬ್ರಿಸ್ಟಲ್‌ನ ಬಯಲು ಪ್ರಸಂಗಗಳಿಗೆ (ಧರ್ಮಬೋಧೆಗಳಿಗೆ) ವೆಸ್ಲಿಯನ್ನು ಕರೆತಂದವನೇ ವೈಟ್‌ಫೀಲ್ಡ್. ಅದೇ ವರ್ಷ ವೆಸ್ಲಿ ಪೂರ್ವನಿರ್ಣಯದ ವಿರುದ್ಧ ಪ್ರಸಂಗ ಮಾಡಿ ಅದನ್ನು ಅಚ್ಚು ಹಾಕಿಸಿದನು. 1740ರ ಡಿಸೆಂಬರ್ 24ರ ತಾರೀಖು ಹಾಕಿ ವೈಟ್‌ಫೀಲ್ಡ್ ದೀರ್ಘ ಪತ್ರದ ಮೂಲಕ ಉತ್ತರಿಸಿದನು. ಇದನ್ನೆಲ್ಲ ಒಂದೇ ಸಂಜೆಯಲ್ಲಿ ಮುಗಿಸಿಬಿಟ್ಟರು. 1770ರಲ್ಲಿ ವೈಟ್‌ಫೀಲ್ಡ್ ತೀರಿಕೊಂಡಾಗ ಲಂಡನ್ನಿನಲ್ಲಿ ಅವನ ಸ್ಮರಣೆಯ ಪ್ರಸಂಗ ಮಾಡಿದವನು ವೆಸ್ಲಿಯೇ ಎಂಬುದನ್ನು, ಆ ಪ್ರಸಂಗದಲ್ಲಿ ಅವನು ಇಬ್ಬರೂ ಒಪ್ಪಿದ್ದ ಹೊಸ ಜನ್ಮ ಮತ್ತು ನಂಬಿಕೆಯಿಂದ ನೀತಿವಂತರೆಂದು ಎಣಿಸಲ್ಪಡುವುದು ಎಂಬ ಬೋಧನೆಗಳನ್ನೇ ಎತ್ತಿ ಹಿಡಿದನೆಂಬುದನ್ನು ಹೇಳಲೇ ಇಲ್ಲ. ಅದರ ಬೆನ್ನಿಗೇ ವೆಸ್ಲಿಯ ಪಕ್ಷದ ಫ್ಲೆಚರ್ ಮತ್ತು ಕ್ಯಾಲ್ವಿನ್ ಪಕ್ಷದ ಟಾಪ್‌ಲೇಡಿ ನಡುವೆ ಎದ್ದ ಕಹಿಯಾದ ಬರಹಗಳ ಸುದ್ದಿಯೂ ಬರಲಿಲ್ಲ. ಎಲ್ಲರಿಗೂ ಮೊದಲೇ ದೊರೆಯುವ ಕೃಪೆಯೊಂದು ಉತ್ತರ ಕೊಡುವ ಶಕ್ತಿಯನ್ನು ಮನುಷ್ಯನಲ್ಲಿ ಹುಟ್ಟಿಸುತ್ತದೆಂಬ ವೆಸ್ಲಿಯ ಬೋಧನೆಗೆ ಒಂದು ಪೂರ್ತಿ ಪಾಠ ಬೇಕಾಗಿತ್ತು. ಅದಿಲ್ಲದೆ ಮೆಥೊಡಿಸ್ಟರ ನಿಲುವು ಅರ್ಧ ಮಾತ್ರ ತಿಳಿಯುತ್ತದೆ.

ಈ ಅವಸರದಿಂದಲೇ ದೊಡ್ಡ ನಷ್ಟವಾಯಿತು. ವೈಟ್‌ಫೀಲ್ಡ್‌ನ ಪೋಷಕಿಯಾಗಿದ್ದ ಹಂಟಿಂಗ್ಟನ್ ಕೌಂಟೆಸ್ಸಳ ಬಳಗದ ಥಾಮಸ್ ಹಾಯಿಸ್ 1795ರಲ್ಲಿ ಲಂಡನ್ ಮಿಷನ್ ಸ್ಥಾಪಿಸಿದವರಲ್ಲಿ ಪ್ರಮುಖನು. ಆ ಸಂಸ್ಥೆ ಯಾವುದೇ ಒಂದು ಪಂಗಡದ ಸಭಾಪದ್ಧತಿಯನ್ನು ಹೇರುವುದಿಲ್ಲವೆಂಬ ನಿಯಮ ಮಾಡಿಕೊಂಡಿದ್ದರೂ ಅದರ ಆರಂಭದ ಮುಖಂಡರಲ್ಲಿ ಬಹುಪಾಲು ಕ್ಯಾಲ್ವಿನ್ ಪರಂಪರೆಯವರೇ. ಅದೇ ಸಂಸ್ಥೆಯ ಜೋಸೆಫ್ ಟೇಲರ್ 1820ರಲ್ಲಿ ಬಳ್ಳಾರಿಯಿಂದ ಬಂದು ಬೆಳಗಾವಿಯಲ್ಲಿ ಕೆಲಸ ಆರಂಭಿಸಿದನು. 1904ರಲ್ಲಿ ಲಂಡನ್ ಮಿಷನ್ ಈ ಕ್ಷೇತ್ರವನ್ನು ಅಮೆರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ, ಅಂದರೆ ವೆಸ್ಲಿಯ ಪರಂಪರೆಗೆ ಒಪ್ಪಿಸಿತು. ವೈಟ್‌ಫೀಲ್ಡ್‌ನ ಕವಲು ಎಂಬತ್ತಕ್ಕೂ ಹೆಚ್ಚು ವರ್ಷ ಬಿತ್ತಿದ ಹೊಲವನ್ನು ವೆಸ್ಲಿಯ ಕವಲು ವಹಿಸಿಕೊಂಡದ್ದು ನಮ್ಮ ಊರಿನಲ್ಲಿಯೇ. ಇದೇ ಜಿಲ್ಲೆಯ ಮಗ್ಗುಲಿನ ಬಾಗಲಕೋಟೆಯ ಗುಳೇದಗುಡ್ಡದಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್‌ನಲ್ಲಂತೂ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳವರು ಒಂದೇ ಸಂಸ್ಥೆಯಲ್ಲಿ ದುಡಿದರು. ಡಾರ್ಟ್ ಸಿನಡ್‌ಗೆ ಪ್ರತಿನಿಧಿಗಳನ್ನು ಕಳಿಸಿದ ನಗರಗಳಲ್ಲಿ ಬಾಸೆಲ್ ಕೂಡ ಒಂದಾಗಿತ್ತು. ತಮ್ಮ ಅಜ್ಜ-ಮುತ್ತಜ್ಜಂದಿರು ಯಾವ ಕವಲಿನ ಬೋಧನೆ ಕೇಳಿ ಬೆಳೆದರೆಂಬುದನ್ನು ತಿಳಿಯುವ ಹಕ್ಕು ಆ ಭವನದಲ್ಲಿ ಕೂತವರಿಗೆಲ್ಲ ಇತ್ತು. ಹಳೆಯ ಸಭಾ ದಾಖಲೆಗಳನ್ನು ನೋಡಿದ ಹಿರಿಯರು ಊರಲ್ಲಿ ಇನ್ನೂ ಇರುವಾಗಲೇ ಈ ಪಾಠ ಸಿದ್ಧವಾಗಬೇಕು.

ಪಾಠದ ಹಾಳೆಗಳ ಬಗ್ಗೆ ಒಂದು ದೂರು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡಿಗೆ ಬದಲಾಯಿಸಿದ ಮೇಲೆ ಕರಡು ತಿದ್ದಿದಂತೆ ಕಾಣುವುದಿಲ್ಲ. ಅರ್ಕಾವತ್ತುಗಳು ಸ್ಥಾನ ತಪ್ಪಿವೆ, ಒತ್ತಕ್ಷರಗಳು ಬಿಟ್ಟುಹೋಗಿವೆ, ಒಂದೇ ಪುಟದಲ್ಲಿ ಕ್ಯಾಲ್ವಿನ್‌ನ ಹೆಸರು ಮೂರು ಬಗೆಯಾಗಿ ಬಂದಿದೆ. ಮೊದಲ ಸಲ ಇಂಥ ಹೆಸರುಗಳನ್ನು ಕಾಣುವವರಿಗೆ ಇದರಿಂದ ತೊಂದರೆಯಾಗುತ್ತದೆ. ಉಳಿದ ವ್ಯವಸ್ಥೆ ಚೆನ್ನಾಗಿದೆ: ಕೂಡಲು ಬೆನ್ನಿರುವ ಬೆಂಚುಗಳಿವೆ, ಧ್ವನಿವರ್ಧಕ ಸ್ಪಷ್ಟವಾಗಿದೆ, ನಡುವೆ ಚಹಾ ಇದೆ. ಮರಾಠಿ ಮಾತನಾಡುವವರು ಪ್ರಶ್ನೆ ಕೇಳಿದಾಗ ಬೋಧಕರು ಅವರ ಭಾಷೆಯಲ್ಲಿಯೂ ಉತ್ತರಿಸುತ್ತಾರೆ. ಆದರೆ ಚರ್ಚೆ ಕಾವೇರಿದ ದಿನ ವೇಳೆ ಮೀರುತ್ತದೆ. ಖಾನಾಪುರ, ಬೈಲಹೊಂಗಲ ಕಡೆಯ ಬಸ್ ಹಿಡಿಯಬೇಕಾದವರು ಉತ್ತರ ಕೇಳುವ ಮೊದಲೇ ಏಳಬೇಕಾಗುತ್ತದೆ. ಅರ್ಧ ತಾಸು ಮೊದಲು ಆರಂಭಿಸಿದರೆ ಇದಕ್ಕೆ ಪರಿಹಾರವಿದೆ.

ಸಭಾಪಾಲಕರು, ಸಂಡೇ ಸ್ಕೂಲ್ ಶಿಕ್ಷಕರು, ಯುರೋಪಿನ ಇತಿಹಾಸ ಓದುವ ಕಾಲೇಜು ವಿದ್ಯಾರ್ಥಿಗಳು, ಕರ್ಮ ಮತ್ತು ಕೃಪೆಯ ಪ್ರಶ್ನೆಯನ್ನು ತಮ್ಮ ಪರಂಪರೆಯೊಳಗೆ ಯೋಚಿಸಿದ ಬೇರೆ ಧರ್ಮದವರು, ಎಲ್ಲರಿಗೂ ನಾನು ಈ ವರ್ಗವನ್ನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಅರ್ಧ ತಾಸಿನಲ್ಲಿ ಸಿದ್ಧ ಉತ್ತರ ಬಯಸುವವರಿಗೆ ಇದು ಹಿಡಿಸಲಾರದು. ಮುಂದಿನ ಸುತ್ತು ಕ್ರಿಸ್ಮಸ್ ಹಬ್ಬದ ನಂತರ ಆರಂಭವಾಗುತ್ತದೆಂದು ಸಂಘಟಕರು ತಿಳಿಸಿದ್ದಾರೆ. ಸೇರುವವರು ವಿಮೋಚನಕಾಂಡದ 4ರಿಂದ 14ರವರೆಗಿನ ಅಧ್ಯಾಯಗಳನ್ನೂ, ರೋಮಾಪುರದವರಿಗೆ ಬರೆದ ಪತ್ರಿಕೆಯ 9, 10 ಮತ್ತು 11ನೆಯ ಅಧ್ಯಾಯಗಳನ್ನು ಒಟ್ಟಿಗೆ ಒಂದೇ ಸಲವೂ ಓದಿಕೊಂಡು ಬಂದರೆ ಮೊದಲ ವಾರದಿಂದಲೇ ಚರ್ಚೆಯಲ್ಲಿ ಪಾಲ್ಗೊಳ್ಳಬಹುದು.