ಆರು ವರ್ಷದ ಪ್ರೊಜೆಕ್ಟರ್, ಅಲುಗದ ಒಂದು ನಕ್ಷತ್ರ

2019ರ ದೀಪಾವಳಿಗೆ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ಈ ಪ್ರೊಜೆಕ್ಟರ್ ತಂದೆ. 52 ಸಾವಿರ ಬಿತ್ತು. ಫುಲ್ ಎಚ್‌ಡಿ, ಡಿಎಲ್‌ಪಿ (ಸಣ್ಣ ಕನ್ನಡಿಗಳ ಚಿಪ್‌ನಿಂದ ಚಿತ್ರ ಮೂಡಿಸುವ ಬಗೆ), ಲ್ಯಾಂಪ್ ಹಾಕುವ ಮಾಡೆಲ್. ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆ ಹಾಲ್‌ನಲ್ಲಿ ಗೋಡೆಯಿಂದ ಗೋಡೆಗೆ ಹನ್ನೊಂದು ಅಡಿ ಇದೆ. ಅಷ್ಟರಲ್ಲೇ 90 ಇಂಚಿನ ಚಿತ್ರ ಸಿಗುತ್ತದೆ.

ಒಂದು ವಾರ ಬಳಸಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ. ನಾನು ಆರು ವರ್ಷ ಬಳಸಿದ್ದೇನೆ. ಅದರಲ್ಲಿ ನೋಡಿದ್ದು ಮುಕ್ಕಾಲು ಪಾಲು ಸೈನ್ಸ್ ಫಿಕ್ಷನ್. ಹಾಗಾಗಿ ಇಲ್ಲಿ ಪ್ರೊಜೆಕ್ಟರ್ ಮಾತೂ ಬರುತ್ತದೆ, ಆ ಸಿನಿಮಾಗಳ ಮಾತೂ ಬರುತ್ತದೆ. ಎರಡನ್ನೂ ಬೇರೆ ಮಾಡಲು ನನಗೆ ಬರುವುದಿಲ್ಲ. ಈ ಯಂತ್ರದ ಗುಣ, ದೋಷ ಎರಡೂ ನನಗೆ ಗೊತ್ತಾಗಿದ್ದು ಬಾಹ್ಯಾಕಾಶದ ದೃಶ್ಯಗಳಲ್ಲೇ.

ಮೊದಲು ಕಪ್ಪಿನ ವಿಷಯ. ಪ್ರೊಜೆಕ್ಟರ್‌ಗೆ ಕಪ್ಪು ಬಣ್ಣ ಬಿಡಲು ಆಗುವುದಿಲ್ಲ. ಬೆಳಕನ್ನು ತಡೆಯುತ್ತದೆ ಅಷ್ಟೆ. ಎಷ್ಟು ತಡೆದರೂ ಸ್ವಲ್ಪ ಸೋರುತ್ತದೆ. ಕ್ರಿಕೆಟ್, ಮದುವೆ ವಿಡಿಯೋ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ಮೊದಲ ರಾತ್ರಿ ನಾನು ಹಾಕಿದ್ದು 1979ರ ‘ಏಲಿಯನ್’. ಆಕಾಶ ಒರೆಸಿದ ಸ್ಲೇಟಿನ ಬಣ್ಣಕ್ಕೆ ಬಂದಿತ್ತು. ಬಾಹ್ಯಾಕಾಶದ ಹಡಗಿನೊಳಗಿನ ಕತ್ತಲೆಯಲ್ಲಿ ಸರಪಳಿ ಯಾವುದು, ಪ್ರಾಣಿ ಯಾವುದು ತಿಳಿಯಲಿಲ್ಲ. ನಿರ್ದೇಶಕ ರಿಡ್ಲಿ ಸ್ಕಾಟ್ ಅರ್ಧ ಮಾತ್ರ ಕಾಣಲಿ ಎಂದು ಇಟ್ಟಿದ್ದು ಪೂರ್ತಿ ಮುಳುಗಿಹೋಯಿತು. ಆ ರಾತ್ರಿ ನನಗೆ ನಿಜಕ್ಕೂ ಬೇಜಾರಾಯಿತು.

ಕಪ್ಪಿಗೆ ನನ್ನ ಅಳತೆ ಬೇರೆ. ಚಿಕ್ಕಂದಿನಲ್ಲಿ ಅಪ್ಪಯ್ಯ ನನ್ನನ್ನು ವರ್ಲಿಯ ನೆಹರೂ ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದರು. 1977ರಲ್ಲಿ ಶುರುವಾದ ಜಾಗ ಅದು. ಕೋಟೆ (ಫೋರ್ಟ್) ಕಡೆಯ ಕ್ಯಾಂಟೀನಿನಲ್ಲಿ ಅವರಿಗೆ ವಾರಕ್ಕೆ ಒಂದೇ ರಜೆ. ಆ ರಜೆಯಲ್ಲಿ ಹೋಗಿದ್ದೆವು. ದೀಪ ಆರಿದಾಗ ನನ್ನ ಕೈ ನನಗೇ ಕಾಣಲಿಲ್ಲ. ಆಮೇಲೆ ಒಂದೊಂದೇ ನಕ್ಷತ್ರ ಬಂತು. ಮನೆಯ ಗೋಡೆಯ ಮೇಲೂ ನನಗೆ ಬೇಕಾಗಿದ್ದು ಆ ಕತ್ತಲೆಯೇ.

ತಪ್ಪು ಅರ್ಧ ಯಂತ್ರದ್ದು, ಅರ್ಧ ನಮ್ಮ ಹಾಲ್‌ನದ್ದು ಎಂದು ತಿಳಿಯಲು ಎರಡು ತಿಂಗಳು ಹಿಡಿಯಿತು. ಬಿಳಿ ಸುಣ್ಣದ ಸೀಲಿಂಗ್ ಬೆಳಕನ್ನು ವಾಪಸ್ ಪರದೆಗೇ ಎಸೆಯುತ್ತದೆ. ದಾದರಿನಿಂದ ಕಡು ಕಂದು ಬಣ್ಣದ ದಪ್ಪ ಬಟ್ಟೆ ತಂದು ಪರದೆಯ ಸುತ್ತ ನಾಲ್ಕು ಅಡಿ ಕಟ್ಟಿದೆ. ಕಿಟಕಿಗೂ ಅದನ್ನೇ ಹಾಕಿದೆ. ಲ್ಯಾಂಪಿನ ಬೆಳಕು ತಗ್ಗಿಸುವ ಇಕೋ ಮೋಡ್‌ಗೆ ಇಳಿಸಿದೆ. ‘ಏಲಿಯನ್’ ಮತ್ತೆ ಹಾಕಿದೆ. ಸರಪಳಿ ಕಂಡಿತು, ಅದರಿಂದ ತೊಟ್ಟಿಕ್ಕುವ ನೀರು ಕಂಡಿತು, ಅದರ ಹಿಂದೆ ಏನೋ ಇದೆ ಎಂಬುದೂ ಕಂಡಿತು. ಖರ್ಚು 1,400 ರೂಪಾಯಿ. ಇನ್ನೂ ದುಬಾರಿ ಪ್ರೊಜೆಕ್ಟರ್ ತೆಗೆದುಕೊಳ್ಳುವ ಮೊದಲು ದಯವಿಟ್ಟು ಇದನ್ನು ಮಾಡಿ ನೋಡಿ.

ಎರಡನೆಯದು ಸದ್ದು. ಸ್ಪೀಕರ್ ಸದ್ದಲ್ಲ, ಫ್ಯಾನ್ ಸದ್ದು. ಲ್ಯಾಂಪ್ ಬಿಸಿಯಾಗುತ್ತದೆ, ಫ್ಯಾನ್ ತಿರುಗಲೇಬೇಕು. ಹಾಡು, ಹೊಡೆದಾಟ ಇರುವಾಗ ಅದರ ನೆನಪೇ ಇರುವುದಿಲ್ಲ. ಆದರೆ ನನ್ನ ಜೀವಕ್ಕೆ ಹತ್ತಿರವಾದ ಸಿನಿಮಾ 1968ರ ‘2001: ಎ ಸ್ಪೇಸ್ ಒಡಿಸ್ಸಿ’. ಗಗನಯಾತ್ರಿ ಬೋಮನ್ ಹೆಲ್ಮೆಟ್ ಇಲ್ಲದೆ ಪುಟ್ಟ ನೌಕೆಯಿಂದ ಹಡಗಿನ ತುರ್ತು ಬಾಗಿಲಿಗೆ ಹಾರುತ್ತಾನಲ್ಲ, ಆ ದೃಶ್ಯ. ಸ್ಫೋಟ ಆಗುತ್ತದೆ, ಅವನು ಒಳಗೆ ಬಂದು ಬೀಳುತ್ತಾನೆ, ಗೋಡೆಗೆ ಬಡಿಯುತ್ತಾನೆ. ಒಂದು ಚೂರೂ ಸದ್ದಿಲ್ಲ. ಗಾಳಿ ಇಲ್ಲದ ಕಡೆ ಸದ್ದು ಎಲ್ಲಿಂದ ಬರಬೇಕು? ಅವನು ಬಾಗಿಲು ಮುಚ್ಚಿ ಗಾಳಿ ನುಗ್ಗಿದ ಮೇಲೇ ಕಿವಿಗೆ ಸದ್ದು ಬೀಳುತ್ತದೆ. ಅಪ್ಪಯ್ಯ ಪಕ್ಕದಲ್ಲಿದ್ದರು. ‘ಎಂತ ಮಾರಾಯ, ಸ್ಪೀಕರ್ ಹೋಯ್ತಾ?’ ಎಂದರು. ಇಲ್ಲ, ಅಲ್ಲಿ ಗಾಳಿ ಇಲ್ಲ ಎಂದೆ. ಅವರು ಮುಂದಕ್ಕೆ ಬಾಗಿ ಕೂತರು. ಆ ಮೌನದಲ್ಲಿ ನಮಗೆ ಕೇಳಿಸುತ್ತಿದ್ದದ್ದು ಪ್ರೊಜೆಕ್ಟರಿನ ಗುಂಯ್‌ಗುಡುವಿಕೆ ಮಾತ್ರ.

ನನ್ನ ಮಟ್ಟಿಗೆ ಇದು ಈ ಯಂತ್ರದ ಅತಿ ದೊಡ್ಡ ಕೊರತೆ. ಇಕೋ ಮೋಡ್‌ನಲ್ಲಿ ಸದ್ದು ಸುಮಾರು ಇಳಿಯುತ್ತದೆ. ಕೆಳಗೆ ದಪ್ಪ ರಬ್ಬರ್ ಹಾಳೆ ಇಟ್ಟ ಮೇಲೆ ಇನ್ನೂ ಇಳಿಯಿತು. ಆದರೂ ಇದೆ. ನಮ್ಮ ಮನೆ ಹಳಿಯ ಪಕ್ಕದಲ್ಲಿರುವುದರಿಂದ ಇಂಥ ಸಿನಿಮಾಗಳನ್ನು ನಾನು ಕೊನೆಯ ಲೋಕಲ್ ಹೋದ ಮೇಲೇ ಹಾಕುತ್ತೇನೆ. 2013ರ ‘ಗ್ರಾವಿಟಿ’ಯನ್ನೂ ಹಾಗೇ ನೋಡಿ. ಅಲ್ಲಿ ಉಪಗ್ರಹದ ಚೂರು ಬಡಿದರೂ ಹೊರಗೆ ಸದ್ದಿಲ್ಲ, ಸೂಟ್‌ನ ಮೂಲಕ ಬರುವ ಅದುರು ಮಾತ್ರ ಕೇಳುತ್ತದೆ.

ಸದ್ದು ಇರುವ ಆಕಾಶವೂ ನನಗೆ ಇಷ್ಟವೇ. ‘ಸ್ಟಾರ್ ವಾರ್ಸ್’ನ ಟೈ ಫೈಟರ್ ಎಂಬ ಯುದ್ಧನೌಕೆ ಹಾರುವಾಗ ಕಿರುಚುತ್ತದೆ. ಆ ಸಿನಿಮಾದ ಸದ್ದುಗಳನ್ನು ರೂಪಿಸಿದ ಬೆನ್ ಬರ್ಟ್ ಅದನ್ನು ಆನೆಯ ಘೀಳು ಮತ್ತು ಒದ್ದೆ ರಸ್ತೆಯಲ್ಲಿ ಓಡುವ ಕಾರಿನ ಸದ್ದು ಸೇರಿಸಿ ಮಾಡಿದ್ದು. ಬಿಲ್ಡಿಂಗಿನ ಮಕ್ಕಳಿಗೆ ಇದನ್ನು ಹೇಳಿದ ದಿನ ಜೋರು ಮಳೆ. ಎಲ್ಲರೂ ಬಾಲ್ಕನಿಗೆ ಓಡಿ ಕೆಳಗಿನ ಕಾರುಗಳಿಗೆ ಕಿವಿ ಕೊಟ್ಟು ನಿಂತರು.

ಟಿವಿ ಧಾರಾವಾಹಿಗಳಿಗೆ ಈ ಪ್ರೊಜೆಕ್ಟರ್ ಹೇಳಿ ಮಾಡಿಸಿದ ಹಾಗಿದೆ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ನ ಬ್ಲೂ-ರೇ ಡಿಸ್ಕ್‌ಗಳು ನನ್ನ ಹತ್ತಿರ ಇವೆ. ಏಳು ಸೀಸನ್, 178 ಕಂತು. 1987ರಿಂದ 1994ರವರೆಗೆ ಬಂದ ಧಾರಾವಾಹಿ. ಚಿತ್ರೀಕರಣ ಫಿಲ್ಮ್‌ನಲ್ಲಿ ಆಗಿತ್ತು, ಆದರೆ ಎಡಿಟಿಂಗ್ ಎಲ್ಲ ವಿಡಿಯೋ ಟೇಪ್‌ನಲ್ಲಿ. ಅದಕ್ಕೇ ಹಳೆಯ ಟಿವಿಯಲ್ಲಿ ಮಸುಕಾಗಿ ಕಾಣುತ್ತಿತ್ತು. ಬ್ಲೂ-ರೇಗಾಗಿ ಮೂಲ ನೆಗೆಟಿವ್‌ಗಳನ್ನು ಮತ್ತೆ ಸ್ಕ್ಯಾನ್ ಮಾಡಿ ಕಂತುಗಳನ್ನು ಹೊಸದಾಗಿ ಜೋಡಿಸಿದರು. 90 ಇಂಚಿನಲ್ಲಿ ಹಡಗಿನ ಕ್ಯಾಪ್ಟನ್ ಪಿಕಾರ್ಡ್‌ನ ಕೋಟಿನ ಹೊಲಿಗೆ ಕಾಣುತ್ತದೆ.

ಅದರಲ್ಲಿ 1991ರ ‘ಡಾರ್ಮೋಕ್’ ಎಂಬ ಕಂತು ನಮ್ಮ ಮನೆಯಲ್ಲಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ಅಲ್ಲಿ ಒಂದು ಜನಾಂಗ ನೇರವಾಗಿ ಮಾತಾಡುವುದೇ ಇಲ್ಲ. ಹಳೆಯ ಕಥೆಗಳ ಹೆಸರು ಹೇಳಿ ಮಾತಾಡುತ್ತದೆ. ಕಥೆ ಗೊತ್ತಿಲ್ಲದವರಿಗೆ ಪದಗಳ ಅರ್ಥ ಗೊತ್ತಿದ್ದರೂ ಮಾತು ತಿಳಿಯುವುದಿಲ್ಲ. ಅಪ್ಪಯ್ಯನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಹತ್ತು ನಿಮಿಷಕ್ಕೆ ‘ಸಾಕು, ನಂಗೆ ಗೊತ್ತಾಯ್ತು’ ಎಂದರು. ಗೊತ್ತಾಗದೆ ಇರುತ್ತದೆಯೇ? ಅವರು ಕುಂದಾಪುರದ ಕಡೆಯವರು, ಯಕ್ಷಗಾನ ನೋಡಿ ಬೆಳೆದವರು. ದಿವಾ ಸ್ಟೇಷನ್ ಹತ್ತಿರ ಲೋಕಲ್ ನಿಂತುಬಿಟ್ಟರೆ ‘ಕರ್ಣನ ರಥದ ಗಾಲಿ’ ಎನ್ನುತ್ತಾರೆ. ಬೆಳಿಗ್ಗೆ ಎಂಟರ ಫಾಸ್ಟ್ ಗಾಡಿಗೆ ನಾನು ಹತ್ತಿದರೆ ಅದು ‘ಅಭಿಮನ್ಯು ಒಳಗೆ ಹೋದ’. ಪಕ್ಕದ ಮನೆಯ ಮರಾಠಿ ಕಾಕಾಗೂ ಅದು ತಕ್ಷಣ ತಿಳಿಯುತ್ತದೆ, ಕಥೆ ಅವರದ್ದೂ ತಾನೇ. ಕೊನೆಗೆ ಬೆಂಕಿಯ ಪಕ್ಕದಲ್ಲಿ ಪಿಕಾರ್ಡ್ ಆ ಜನಾಂಗದ ಸಾಯುತ್ತಿರುವ ಕ್ಯಾಪ್ಟನ್‌ಗೆ ಮೆಸೊಪೊಟೇಮಿಯಾದ ಹಳೆಯ ರಾಜ ಗಿಲ್ಗಮೇಶನ ಕಥೆ ಹೇಳುವಾಗ ಅಪ್ಪಯ್ಯನ ಕಣ್ಣು ಒದ್ದೆಯಾಗಿತ್ತು. ಇಂಥ ಕಂತಿಗೆ ಕನ್ನಡ ಸಬ್‌ಟೈಟಲ್ ಬೇಕೇ ಬೇಕು. ನನ್ನ ಹತ್ತಿರ ಇರುವ ಒಂದು ಡಿಸ್ಕ್‌ನಲ್ಲೂ ಅದಿಲ್ಲ.

ಸ್ಟ್ರೀಮಿಂಗ್ ಬಗ್ಗೆ ಎರಡು ಮಾತು. ‘ದಿ ಎಕ್ಸ್‌ಪಾನ್ಸ್’ ಎಂಬ ಬಾಹ್ಯಾಕಾಶದ ಧಾರಾವಾಹಿಯ ಆರೂ ಸೀಸನ್ ಹಾಗೆ ನೋಡಿದೆ, ತುಂಬಾ ಮೆಚ್ಚಿದೆ. ಆದರೆ ನೆಟ್ ಸ್ವಲ್ಪ ನಿಧಾನವಾದರೆ ಮೊದಲು ಕೆಡುವುದು ಕಪ್ಪೇ. ಆಕಾಶದಲ್ಲಿ ಚೌಕ ಚೌಕ ಕಾಣುತ್ತದೆ. ಮೊಬೈಲ್‌ನಲ್ಲಿ ಗೊತ್ತಾಗದ್ದು ಗೋಡೆಯ ಮೇಲೆ ರಾಚುತ್ತದೆ. ತುಂಬಾ ಇಷ್ಟವಾದದ್ದನ್ನು ಡಿಸ್ಕ್‌ನಲ್ಲೇ ಇಟ್ಟುಕೊಳ್ಳಿ.

ಈಗ ಆ ನಕ್ಷತ್ರದ ವಿಷಯ. 2023ರಲ್ಲಿ ‘ಇಂಟರ್‌ಸ್ಟೆಲ್ಲಾರ್’ ನೋಡುತ್ತಿದ್ದೆ. ಶನಿಗ್ರಹದ ಮುಂದೆ ನೌಕೆ ಒಂದು ಚುಕ್ಕೆಯಾಗಿ ಸರಿಯುವ ದೃಶ್ಯ. ಒಂದು ಚುಕ್ಕೆ ಸರಿಯಿತು. ಇನ್ನೊಂದು ಸರಿಯಲಿಲ್ಲ. ದೃಶ್ಯ ಬದಲಾಗಿ ನೌಕೆಯ ಒಳಗೆ ಬಂದರೂ ಅದು ಅಲ್ಲೇ ಇತ್ತು, ನಟನ ಹಣೆಯ ಮೇಲೆ. ಎದ್ದು ಹೋಗಿ ಬೆರಳು ಇಟ್ಟೆ. ನನ್ನ ಉಗುರಿನ ಮೇಲೆ ಬಂದು ಕೂತಿತು.

ಡಿಎಲ್‌ಪಿ ಚಿಪ್‌ನಲ್ಲಿ ಸಣ್ಣ ಕನ್ನಡಿಗಳಿರುತ್ತವೆ. ನನ್ನ ಮಾಡೆಲ್‌ನಲ್ಲಿ ಒಂದೊಂದು ಚುಕ್ಕೆಗೆ ಒಂದೊಂದು, ಅಂದರೆ 20,73,600. ಒಂದು ಕನ್ನಡಿ ಬೆಳಕಿನ ಕಡೆಗೇ ವಾಲಿ ಸಿಕ್ಕಿಹಾಕಿಕೊಂಡರೆ ಇಂಥ ಬಿಳಿ ಚುಕ್ಕೆ ಬರುತ್ತದೆ. ಸರ್ವಿಸ್ ಸೆಂಟರಿನವರು ಮೂರು ವಾರ ಇಟ್ಟುಕೊಂಡರು. ಕೊನೆಗೆ ಚಿಪ್ ಬದಲಿಸಲು 23 ಸಾವಿರ ಎಂದರು. ವಾಪಸ್ ತಂದಾಗ ಒಂದು ಸ್ಕ್ರೂ ಇರಲಿಲ್ಲ. ಗಾಳಿ ಹೋಗುವ ಜಾಲರಿಯಲ್ಲಿ ಹತ್ತಿಯಂತೆ ಧೂಳು ಕೂತಿದ್ದನ್ನೂ ಅವರು ತೆಗೆದಿರಲಿಲ್ಲ. ಅದು ನನ್ನ ತಪ್ಪೂ ಹೌದು. ಧೂಳು ತುಂಬಿದರೆ ಒಳಗೆ ಬಿಸಿ ಏರುತ್ತದೆ. ಈಗ ತಿಂಗಳಿಗೊಮ್ಮೆ ಮೆತ್ತನೆ ಬ್ರಶ್‌ನಲ್ಲಿ ತೆಗೆಯುತ್ತೇನೆ. ಚುಕ್ಕೆ ಇಂದಿಗೆ ನಾಲ್ಕಾಗಿವೆ.

ಲ್ಯಾಂಪ್ 3,600 ಗಂಟೆಗೆ ಹೋಯಿತು. ದುಡ್ಡು ಉಳಿಸಲು ಡುಪ್ಲಿಕೇಟ್ ಹಾಕಿಸಿದೆ, ಐದೇ ತಿಂಗಳಿಗೆ ಬೆಳಕು ಹಸಿರು ತಿರುಗಿತು. ಒರಿಜಿನಲ್‌ಗೆ 9 ಸಾವಿರ ಆಯಿತು. ಅದನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿಡಿ.

ಕಳೆದ ವರ್ಷ ‘ಬ್ಲಿಂಕ್’ ಹಾಕಿದ್ದೆ. 2024ರ ಕನ್ನಡ ಸಿನಿಮಾ, ಕಣ್ಣು ಮಿಟುಕಿಸುವುದಕ್ಕೂ ಕಾಲದಲ್ಲಿ ಓಡಾಡುವುದಕ್ಕೂ ಗಂಟು ಹಾಕಿದ ಕಥೆ. ದೊಡ್ಡ ಗ್ರಾಫಿಕ್ಸ್ ಏನೂ ಬೇಕಾಗಿಲ್ಲ ಅದಕ್ಕೆ, ಒಂದು ಒಳ್ಳೆಯ ಯೋಚನೆ ಸಾಕಾಗಿದೆ. ನಮ್ಮ ಭಾಷೆಯಲ್ಲಿ ಇಂಥದ್ದನ್ನು ಗೋಡೆಯ ತುಂಬ ನೋಡಿದ ಖುಷಿಯೇ ಬೇರೆ. ವಾರದೊಳಗೆ ಇನ್ನೊಮ್ಮೆ ನೋಡಿದೆ.

ಹೊಸದು ಕೊಳ್ಳುವವರಿಗೆ ಒಂದು ಮಾತು. ಅಂಗಡಿಯಲ್ಲಿ ಹೂವು, ಗಿಳಿ, ಸಮುದ್ರ ಇರುವ ಡೆಮೊ ತೋರಿಸುತ್ತಾರೆ. ಅದನ್ನು ಬಿಡಿ. ನಿಮ್ಮದೇ ಒಂದು ಬಾಹ್ಯಾಕಾಶದ ಸಿನಿಮಾ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅಂಗಡಿಯ ದೀಪ ಆರಿಸಲು ಹೇಳಿ, ಸ್ಪೀಕರ್ ಪೂರ್ತಿ ಬಂದ್ ಮಾಡಿಸಿ, ಐದು ನಿಮಿಷ ಸುಮ್ನೆ ನೋಡುತ್ತಾ ನಿಲ್ಲಿ.