ಸ್ಯೂಡೊಮೊನಾಸೋ ಬ್ಯಾಸಿಲಸೋ: ಮೆಣಸಿನ ಬಳ್ಳಿಯ ಬುಡಕ್ಕೆ ಹಾಕಿ ನೋಡಿದ್ದು

ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ತೋಟದಲ್ಲಿ ಸಿಲ್ವರ್ ಓಕ್ ಮತ್ತು ಹಾಲುವಾಣ ಮರಗಳಿಗೆ ಹಬ್ಬಿಸಿರುವ ಮೆಣಸಿನ ಬಳ್ಳಿಗಳ ಬುಡಕ್ಕೆ ಕಳೆದ ಮೂರು ಮಳೆಗಾಲಗಳಲ್ಲಿ ಬೇರಿನ ರೋಗ ತಡೆಯಲೆಂದು ಸ್ಯೂಡೊಮೊನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯಾದ ಪುಡಿ, ಅದರದೇ ದ್ರವರೂಪ ಮತ್ತು ಇನ್ನೊಂದು ಬ್ಯಾಕ್ಟೀರಿಯಾ ಬ್ಯಾಸಿಲಸ್ ಸಬ್ಟಿಲಿಸ್‌ನ ಪುಡಿ, ಈ ಮೂರನ್ನೂ ವರ್ಷಕ್ಕೊಂದರಂತೆ ಹಾಕಿ ನೋಡಿದ್ದೇನೆ. ಈಗ ನಾನು ಕೊಳ್ಳುವುದು ಬ್ಯಾಸಿಲಸ್ ಮಾತ್ರ. ಬಳ್ಳಿಯನ್ನು ಬೇಗನೆ ಒಣಗಿಸಿ ಕೊಲ್ಲುವ ಶೀಘ್ರ ಸೊರಗು ರೋಗ ಯಾವುದರಿಂದ ಎಷ್ಟು ಹತೋಟಿಗೆ ಬಂದಿತೆಂದು ನಾನು ಲೆಕ್ಕ ಕೊಡಲಾರೆ, ಏಕೆಂದರೆ ಒಂದೊಂದು ವರ್ಷದ ಮಳೆ ಒಂದೊಂದು ರೀತಿ. ದುಡ್ಡು ಕೊಟ್ಟು ತಂದ ಜೀವಿ ಬೇರಿನ ತನಕ ಜೀವಂತವಾಗಿ ತಲುಪುತ್ತದೆಯೇ ಎಂಬಷ್ಟನ್ನೇ ಇಲ್ಲಿ ಹೋಲಿಸುತ್ತಿದ್ದೇನೆ.

ಮೊದಲ ವರ್ಷ ಕೈಸುಟ್ಟುಕೊಂಡದ್ದು ಸ್ಯೂಡೊಮೊನಾಸ್ ಪುಡಿಯಲ್ಲಿ. ಬ್ಯಾಕ್ಟೀರಿಯಾವನ್ನು ಟಾಲ್ಕ್ ಪುಡಿಯಲ್ಲಿ ಬೆರೆಸಿ ತುಂಬಿದ ಪೊಟ್ಟಣದ ಮೇಲೆ ಗ್ರಾಂಗೆ 10 ಕೋಟಿ ಜೀವಕೋಶಗಳೆಂದು ಅಚ್ಚಾಗಿತ್ತು. ಅಂಗಡಿಯವರು ಅವನ್ನು ಬಿಸಿಲು ಬೀಳುವ ಗಾಜಿನ ಬೀರುವಿನಲ್ಲಿ ಪೇರಿಸಿಟ್ಟಿದ್ದರು. ನಾನೂ ಕಡಿಮೆಯವನಲ್ಲ, ಫೆಬ್ರವರಿಯಲ್ಲಿ ತಂದು ತಗಡಿನ ಮಾಡಿನ ಗೋದಾಮಿನಲ್ಲಿ ಜೂನ್ ತಿಂಗಳವರೆಗೆ ಇಟ್ಟೆ. ಮಳೆ ಹಿಡಿದ ಮೇಲೆ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಬುಡಬುಡಕ್ಕೂ ಹಾಕಿಸಿ, ಆಳುಗಳ ಕೂಲಿಯನ್ನೂ ಕೊಟ್ಟು, ಕೆಲಸ ಮುಗಿಯಿತೆಂದು ನೆಮ್ಮದಿಯಿಂದ ಇದ್ದೆ.

ಉಳಿದ ಒಂದು ಪೊಟ್ಟಣವನ್ನು ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವ ಅಕ್ಕನ ಮಗಳು ಕಾಲೇಜಿಗೆ ಒಯ್ದಳು. ಹೊಸದಾಗಿ ತಯಾರಾದ ಪುಡಿಯೊಂದನ್ನೂ ನನ್ನ ಪುಡಿಯನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ತೆಳುವಾಗಿಸಿ, ಕಿಂಗ್ಸ್ ಬಿ ಎಂಬ ಆಹಾರ ತುಂಬಿದ ತಟ್ಟೆಗಳಿಗೆ ಸವರಿಟ್ಟಳು. ಆ ಆಹಾರದಲ್ಲಿ ಕಬ್ಬಿಣದ ಅಂಶ ಬಹಳ ಕಡಿಮೆ. ಕಬ್ಬಿಣಕ್ಕೆ ಹಸಿದ ಸ್ಯೂಡೊಮೊನಾಸ್ ಅದನ್ನು ಹಿಡಿದು ತರಲು ಪಯೋವರ್ಡಿನ್ ಎಂಬ ವಸ್ತುವನ್ನು ಹೊರಬಿಡುತ್ತದೆ, ಅದು ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. (ಬೇರಿನ ಸುತ್ತ ಅದು ಶಿಲೀಂಧ್ರಗಳನ್ನು ಹಸಿವಿಗೆ ಕೆಡವುವುದೂ ಹೀಗೆ ಕಬ್ಬಿಣವನ್ನು ಬಾಚಿಕೊಂಡೇ.) ಎರಡು ದಿನ ಬಿಟ್ಟು, ಖೋಟಾ ನೋಟು ನೋಡುವ ಟಾರ್ಚನ್ನು ತಟ್ಟೆಗಳ ಮೇಲೆ ಬಿಟ್ಟಾಗ ಹೊಸ ಪುಡಿಯ ತಟ್ಟೆ ಮಿಂಚುಹುಳು ತುಂಬಿದಂತೆ ಹಸಿರು ಹಳದಿಯಾಗಿ ಹೊಳೆಯಿತು. ನನ್ನದರಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ಅವೂ ಹೊಳೆಯದವು. "ಮಾವ, ನೀವು ಬಳ್ಳಿಗಳಿಗೆ ಹಾಕಿಸಿದ್ದು ಬರೀ ಟಾಲ್ಕಂ ಪೌಡರ್" ಎಂದಳು.

ತಪ್ಪು ಪುಡಿ ತಯಾರಿಸಿದವರದ್ದು ಎನ್ನುವಂತಿಲ್ಲ. ಸ್ಯೂಡೊಮೊನಾಸ್ ಕಷ್ಟಕಾಲವನ್ನು ಮಲಗಿ ಕಳೆಯಲು ಗಟ್ಟಿ ಪದರದ ಬೀಜಕ (ಸ್ಪೋರ್) ಕಟ್ಟುವ ಜಾತಿಯಲ್ಲ. ಅದಕ್ಕೆ ತೇವ ಬೇಕು, ಗಾಳಿ ಬೇಕು, 25 ರಿಂದ 30 ಡಿಗ್ರಿಯ ಹದವಾದ ಬೆಚ್ಚಗೆ ಬೇಕು, ಬೇರಿನಿಂದ ಒಸರುವ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಬೇಕು. ಇವೆಲ್ಲ ಸಿಕ್ಕರೆ ಬಲುಬೇಗ ದ್ವಿಗುಣಗೊಳ್ಳುತ್ತ ಹೋಗುವ ಜೀವಿ, ಟಾಲ್ಕ್ ಪುಡಿಯಲ್ಲಿ ಒಣಗಿ, ತಗಡಿನ ಕೆಳಗೆ ಬೆಂದು, ದಿನದಿನಕ್ಕೂ ಸಾಯುತ್ತಿರುತ್ತದೆ.

ಬ್ಯಾಸಿಲಸ್‌ನ ದಾರಿಯೇ ಬೇರೆ. ಆಹಾರ ಮುಗಿಯುತ್ತ ಬಂದಾಗ ಅದರ ಕೋಶ ಒಂದು ದೊಡ್ಡ ಪಾಲು, ಒಂದು ಸಣ್ಣ ಪಾಲಾಗಿ ಒಡೆದು, ದೊಡ್ಡದು ಸಣ್ಣದನ್ನು ನುಂಗಿ, ಅದರ ಸುತ್ತ ಪದರದ ಮೇಲೆ ಪದರ ಕಟ್ಟಿ, ಒಳಗಿನ ನೀರನ್ನು ಬಹುಪಾಲು ಹೊರಹಾಕಿ ಆ ಜಾಗದಲ್ಲಿ ಕ್ಯಾಲ್ಸಿಯಂ ಮತ್ತು ಡೈಪಿಕೋಲಿನಿಕ್ ಆಮ್ಲವನ್ನು ತುಂಬುತ್ತದೆ. ಈ ಕೆಲಸಕ್ಕೆ ಸುಮಾರು 8 ಗಂಟೆ ಸಾಕು. ಆಮೇಲೆ ತಾಯಿಕೋಶ ಒಡೆದುಹೋಗಿ ಬೀಜಕ ಉಳಿಯುತ್ತದೆ. ಒಣಹುಲ್ಲಿನ ಕಷಾಯವನ್ನು ಕುದಿಸಿದರೂ ಈ ಬೀಜಕಗಳು ಸಾಯುವುದಿಲ್ಲವೆಂದು ಜರ್ಮನಿಯ ಫರ್ಡಿನಾಂಡ್ ಕೋನ್ 1876ರಲ್ಲೇ ತೋರಿಸಿದ್ದರು. ನನ್ನ ಗೋದಾಮು ಅದಕ್ಕಿಂತ ಬಿಸಿಯಲ್ಲ. ಅದೇ ಮಾಡಿನ ಕೆಳಗೆ ಅಷ್ಟೇ ತಿಂಗಳು ಇಟ್ಟ ಬ್ಯಾಸಿಲಸ್ ಪುಡಿಯನ್ನು ಹುಡುಗಿ 80 ಡಿಗ್ರಿ ಬಿಸಿನೀರಿನಲ್ಲಿ 10 ನಿಮಿಷ ಇಟ್ಟು ಆಮೇಲೆ ತಟ್ಟೆಗೆ ಸವರಿದರೂ, ಮಾರನೆಯ ದಿನ ತಟ್ಟೆಯ ತುಂಬ ಒಣಗಿದ ಗಂಜಿಯ ಕೆನೆಯಂತೆ ಸುಕ್ಕುಗಟ್ಟಿದ, ಹೊಳಪಿಲ್ಲದ ಬಿಳಿ ಮಚ್ಚೆಗಳು ಎದ್ದಿದ್ದವು. ನಾನು ಮನಸ್ಸು ಗಟ್ಟಿ ಮಾಡಿದ್ದು ಆ ತಟ್ಟೆಯನ್ನು ನೋಡಿಯೇ.

ದ್ರವರೂಪದ ಸ್ಯೂಡೊಮೊನಾಸ್ ಪುಡಿಗಿಂತ ಎಷ್ಟೋ ಮೇಲು, ಆದರೆ ಬೆಲೆ ನಾನು ಕೊಂಡ ಕಡೆ ಪುಡಿಯ ಸುಮಾರು ಎರಡರಷ್ಟು, ಮತ್ತು ತಣ್ಣಗಿಡಬೇಕು. ಹಾಲು ಮೊಸರಿನ ಪಕ್ಕದಲ್ಲಿ ಆ ಬಾಟಲಿ ಇಡಲು ಮನೆಯವಳು ಒಪ್ಪಲಿಲ್ಲ. ಫ್ರಿಜ್‌ನಲ್ಲಿಟ್ಟ ಹಾಲನ್ನು ಕೆಡಿಸುವುದರಲ್ಲಿ ಇದರ ದಾಯಾದಿಗಳೇ ಮುಂದೆಂದು ತಿಳಿದ ಮೇಲೆ ನಾನೂ ವಾದಿಸಲಿಲ್ಲ.

ಚಳಿಯಲ್ಲೂ ಬೆಳೆಯುವ ಈ ಗುಣದಲ್ಲಿ ಮಾತ್ರ ಬ್ಯಾಸಿಲಸ್ ಸೋಲುತ್ತದೆ. ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಮಣ್ಣು ತಣ್ಣಗಾದಾಗ ಸ್ಯೂಡೊಮೊನಾಸ್ ನಿಧಾನವಾಗಿಯಾದರೂ ಬೆಳೆಯುತ್ತಿರುತ್ತದೆ, ಬ್ಯಾಸಿಲಸ್ ಮಂಕಾಗುತ್ತದೆ. ಅಲ್ಲದೆ ಬೀಜಕ ತಾನಾಗಿ ಏಳುವುದಿಲ್ಲ, ಅಮೈನೊ ಆಮ್ಲದಂಥ ಆಹಾರದ ಸುಳಿವು ಸಿಗಬೇಕು. ಹಾಗಾಗಿ ನಾನು ಬರಿ ಪುಡಿಯನ್ನು ಎರಚದೆ, ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿ, ನೆರಳಿನಲ್ಲಿ ಗೋಣಿ ಮುಚ್ಚಿ, ನಡುನಡುವೆ ಮಗುಚಿ, ನೆಲ ಇನ್ನೂ ಬೆಚ್ಚಗಿರುವ ಮೇ ತಿಂಗಳಲ್ಲೇ ಬುಡಕ್ಕೆ ಹಾಕಿಸುತ್ತೇನೆ. ಬೆಲ್ಲದ ನೀರಿನ ಡ್ರಮ್ಮಿನಲ್ಲಿ ಮುಚ್ಚಳ ಬಿಗಿದು ಕೊಳೆಹಾಕುವವರಿದ್ದಾರೆ. ಗಾಳಿಯಿಲ್ಲದೆ ಎರಡಕ್ಕೂ ಅದು ಸಲ್ಲದು, ಹುಳಿ ವಾಸನೆ ಬರಿಸುವ ಬೇರೆ ಬ್ಯಾಕ್ಟೀರಿಯಾಗಳು ಕೊಬ್ಬುತ್ತವೆ.

ರೋಗಕ್ಕೆಂದು ಹಾಕುವ ಬೋರ್ಡೋ ದ್ರಾವಣದ ವಿಷಯದಲ್ಲಿ ಎರಡರಲ್ಲೂ ಎಚ್ಚರ ಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣದ ಶೇ. 1ರ ದ್ರಾವಣವನ್ನು ಬುಡಕ್ಕೆ ಸುರಿದರೆ ತಾಮ್ರಕ್ಕೆ ಶತ್ರು ಯಾರು, ಮಿತ್ರ ಯಾರು ಎಂಬ ಭೇದವಿಲ್ಲ. ಮಲಗಿರುವ ಬೀಜಕ ತಡೆದೀತು, ಎದ್ದ ಕೋಶ ತಡೆಯದು. ನಾನು ಮೂರು ವಾರದ ಅಂತರ ಇಡುತ್ತೇನೆ. ನಮ್ಮ ಹುಳಿಮಣ್ಣಿಗೆ ಸುಣ್ಣ ಹಾಕದಿದ್ದರೆ ಎರಡೂ ಸೊರಗುತ್ತವೆ.

ಅಪ್ಪಂಗಳದಲ್ಲಿ ಪ್ರಾದೇಶಿಕ ಕೇಂದ್ರವಿರುವ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿದ, ಇಂಥ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲನ್ನು ನಾನಿನ್ನೂ ಹಾಕಿ ನೋಡಿಲ್ಲ.

ಪೇಟೆ ಹತ್ತಿರವಿದ್ದು, ತಯಾರಾದ ತಿಂಗಳು ನೋಡಿ ತಂದು ಅದೇ ವಾರ ಹಾಕಿ ಮುಗಿಸುವವರು, ಅಥವಾ ಬೇರೆ ಫ್ರಿಜ್ ಇರುವವರು, ದ್ರವರೂಪದ ಸ್ಯೂಡೊಮೊನಾಸ್ ಕೊಳ್ಳಲಿ. ನಾನು ತಿಂಗಳಿಗೊಮ್ಮೆ ಪೇಟೆಗೆ ಇಳಿಯುವವನು, ಆಳು ಸಿಕ್ಕ ದಿನವೇ ನನಗೆ ಕೆಲಸದ ದಿನ, ಮಾಡು ತಗಡಿನದು. ಈ ವರ್ಷದ ಬ್ಯಾಸಿಲಸ್ ಪುಡಿಯನ್ನು ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೆ ಮೊದಲೇ ತಂದು ಅದೇ ಮಾಡಿನ ಕೆಳಗೆ ಇಟ್ಟಿದ್ದೇನೆ.